ಗಣಿ ಷೇರು ಬುಕ್ ವ್ಯಾಲ್ಯೂಗಿಂತ ಅಗ್ಗಕ್ಕೆ ಸಿಕ್ಕರೆ ಏನರ್ಥ?

ಒಂದು ಗಣಿ ಕಂಪನಿಯ ಷೇರು 18 ಡಾಲರ್‌ಗೆ ಸಿಗುತ್ತಿದೆ ಅಂದುಕೊಳ್ಳಿ. ಅದೇ ಷೇರಿನ ಬುಕ್ ವ್ಯಾಲ್ಯೂ, ಅಂದರೆ ಕಂಪನಿಯ ಲೆಕ್ಕದ ಪುಸ್ತಕದ ಪ್ರಕಾರ ಒಂದು ಷೇರಿಗೆ ಸೇರುವ ಆಸ್ತಿ, 30 ಡಾಲರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವ ಪಿ/ಬಿ ಅನುಪಾತ 0.6. ನೋಡಿದ ಕೂಡಲೇ ಆಸೆ ಹುಟ್ಟುತ್ತದೆ, ಅಲ್ವಾ? 30 ಡಾಲರ್ ಆಸ್ತಿಯನ್ನು 18ಕ್ಕೆ ಕೊಡುತ್ತಿದ್ದಾರೆ, ತಗೊಂಡುಬಿಡೋಣ ಅನ್ನಿಸುತ್ತದೆ. ಆದರೆ ಆ 30 ಡಾಲರ್ ಎಲ್ಲಿಂದ ಬಂತು ಅಂತ ಮೊದಲು ಕೇಳಬೇಕು. ನೆಲದಡಿ ಇರುವ ಅದಿರಿಗೆ ಯಾರೋ ಕಟ್ಟಿದ ಬೆಲೆ ಅದಲ್ಲ. ಆ ಅದಿರಿಗಾಗಿ ಕಂಪನಿ ಹಿಂದೆ ಯಾವಾಗಲೋ ದುಡ್ಡು ಸುರಿದಿತ್ತು. ಅದರಲ್ಲಿ ಇನ್ನೂ ಖರ್ಚು ಅಂತ ಬರೆಯದೆ ಆಸ್ತಿಯ ಪಟ್ಟಿಯಲ್ಲೇ ಉಳಿಸಿಕೊಂಡಿರುವ ಭಾಗ ಅದು. ಗಣಿ ಷೇರಿನ ಪಿ/ಬಿ ಓದಲು ಕಲಿಯುವುದು ಅಂದರೆ ಬಹುಪಾಲು ಈ ಎರಡರ ನಡುವಿನ ಅಂತರ ಗುರುತಿಸಲು ಕಲಿಯುವುದೇ.

ಲೆಕ್ಕ ಸರಳ. ಬ್ಯಾಲೆನ್ಸ್ ಶೀಟಿನ ಒಟ್ಟು ಆಸ್ತಿಯಿಂದ ಸಾಲ ಮತ್ತು ಬೇರೆ ಹೊಣೆಗಳನ್ನು ಕಳೆಯಿರಿ. ಉಳಿದದ್ದು ಷೇರುದಾರರ ಪಾಲು, ಅಂದರೆ ಈಕ್ವಿಟಿ. ಆಸ್ತಿ 500 ಕೋಟಿ, ಹೊಣೆ 200 ಕೋಟಿ ಇದ್ದರೆ ಈಕ್ವಿಟಿ 300 ಕೋಟಿ. 10 ಕೋಟಿ ಷೇರುಗಳಿದ್ದರೆ ಒಂದಕ್ಕೆ 30. ಮಾರುಕಟ್ಟೆ ಬೆಲೆ 18ನ್ನು ಈ 30ರಿಂದ ಭಾಗಿಸಿದರೆ 0.6. ಇಲ್ಲೇ ಒಂದು ಎಚ್ಚರಿಕೆ. ದೊಡ್ಡ ಗಣಿಗಳಲ್ಲಿ ಪಾಲುದಾರರು ಇರುವುದು ಸಾಮಾನ್ಯ. ಕಂಪನಿಗೆ ಗಣಿಯ ಶೇ. 60 ಮಾತ್ರ ಸೇರಿದ್ದರೂ, ಹಿಡಿತ ಅದರ ಕೈಯಲ್ಲಿದ್ದರೆ ಇಡೀ ಗಣಿ ಅದರ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುತ್ತದೆ. ಉಳಿದವರ ಶೇ. 40 ಈಕ್ವಿಟಿಯ ಒಳಗೇ ಬೇರೆ ಸಾಲಿನಲ್ಲಿ ಇರುತ್ತದೆ. ಆ ಸಾಲನ್ನು ಬಿಟ್ಟು, ಕಂಪನಿಯ ಸ್ವಂತ ಷೇರುದಾರರಿಗೆ ಸೇರಿದ ಈಕ್ವಿಟಿಯನ್ನು ಮಾತ್ರ ತೆಗೆದುಕೊಳ್ಳಬೇಕು.

ಇಷ್ಟೆಲ್ಲ ತೊಡಕಿದ್ದರೂ ಗಣಿ ಷೇರಿಗೆ ಪಿ/ಬಿ ಯಾಕೆ ಬಳಸುತ್ತಾರೆ? ಯಾಕಂದರೆ ಎಲ್ಲರಿಗೂ ಪರಿಚಯವಿರುವ ಪಿ/ಇ (ಷೇರು ಬೆಲೆಯನ್ನು ಒಂದು ಷೇರಿನ ವರ್ಷದ ಲಾಭದಿಂದ ಭಾಗಿಸಿದ ಅನುಪಾತ) ಇಲ್ಲಿ ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ಗಣಿ ಕಂಪನಿ ತನ್ನ ಸರಕಿಗೆ ತಾನೇ ಬೆಲೆ ಇಡುವಂತಿಲ್ಲ. ತಾಮ್ರದ ಬೆಲೆ, ಚಿನ್ನದ ಬೆಲೆ ಜಗತ್ತಿನ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಬೆಲೆ ಏರಿದಾಗ ತೋಡುವ ಖರ್ಚು ಅಷ್ಟು ಬೇಗ ಏರುವುದಿಲ್ಲ, ಹಾಗಾಗಿ ಲಾಭ ಜಿಗಿಯುತ್ತದೆ. ಟನ್ನಿಗೆ 60 ಖರ್ಚಾಗುವ ಅದಿರು 80ಕ್ಕೆ ಮಾರಿದರೆ ಲಾಭ 20. ಬೆಲೆ 100 ಆದರೆ ಲಾಭ 40. ಬೆಲೆ ಏರಿದ್ದು ಶೇ. 25, ಲಾಭ ಏರಿದ್ದು ಶೇ. 100. ಇಂಥ ಉಬ್ಬರದ ವರ್ಷ ಪಿ/ಇ 5ಕ್ಕೆ ಇಳಿದು ಷೇರು ಅಗ್ಗವಾಗಿ ಕಾಣುತ್ತದೆ. ಎರಡು ವರ್ಷ ಬಿಟ್ಟು ಲೋಹದ ಬೆಲೆ ಕುಸಿದಾಗ ಲಾಭವೇ ಇರುವುದಿಲ್ಲ, ಪಿ/ಇ ಲೆಕ್ಕ ಹಾಕಲೂ ಆಗುವುದಿಲ್ಲ. ಆದರೆ ಷೇರು ನಿಜವಾಗಿ ಅಗ್ಗ ಆಗುವುದು ಹೆಚ್ಚಾಗಿ ಆಗಲೇ. ಬುಕ್ ವ್ಯಾಲ್ಯೂ ಈ ರೀತಿ ಕುಣಿಯುವುದಿಲ್ಲ. ಲಾಭದ ಬದಲು ನಷ್ಟವಾದ ವರ್ಷವೂ ಅದು ಸಾಮಾನ್ಯವಾಗಿ ಒಂದು ಮಿತಿಯಲ್ಲೇ ಬದಲಾಗುತ್ತದೆ. ಲೋಹದ ಬೆಲೆಯ ಏರಿಳಿತದ ಚಕ್ರದಲ್ಲಿ ನಾವು ಎಲ್ಲಿದ್ದೇವೆ ಎಂದು ನೋಡಲು ಅದೊಂದು ನೆಲೆ ಕೊಡುತ್ತದೆ. ಪಿ/ಬಿಯ ನಿಜವಾದ ಉಪಯೋಗ ಇದೇ ಅನ್ನುವುದು ನನ್ನ ಅಭಿಪ್ರಾಯ.

ಪುಸ್ತಕದಲ್ಲಿ ಇರುವುದು ಅದಿರಲ್ಲ, ಖರ್ಚು

ಎರಡು ಕಂಪನಿಗಳನ್ನು ಊಹಿಸಿಕೊಳ್ಳಿ. ಎರಡರ ಬಳಿಯೂ ಒಂದೊಂದು ತಾಮ್ರದ ಗಣಿ. ಅದಿರಿನ ಪ್ರಮಾಣ, ಗುಣಮಟ್ಟ, ತೋಡುವ ಖರ್ಚು, ಉಳಿದ ಆಯಸ್ಸು ಎಲ್ಲವೂ ಒಂದೇ. ಮೊದಲ ಕಂಪನಿ ಮೂವತ್ತು ವರ್ಷದ ಹಿಂದೆ ತಾನೇ ಅದಿರು ಹುಡುಕಿ, 100 ಕೋಟಿ ಖರ್ಚು ಮಾಡಿ ಗಣಿ ಕಟ್ಟಿತು. ಸವಕಳಿ (ಗಣಿಗೆ ಹಾಕಿದ ದುಡ್ಡಿನಲ್ಲಿ ವರ್ಷ ವರ್ಷ ಸ್ವಲ್ಪ ಸ್ವಲ್ಪ ಖರ್ಚು ಅಂತ ಬರೆಯುವ ಭಾಗ) ಕಳೆದು ಈಗ ಪುಸ್ತಕದಲ್ಲಿ 30 ಕೋಟಿ ಉಳಿದಿದೆ. ಎರಡನೆಯದು ತಾಮ್ರದ ಬೆಲೆ ತುತ್ತತುದಿಯಲ್ಲಿದ್ದಾಗ ಬೇರೆಯವರಿಂದ 300 ಕೋಟಿಗೆ ಗಣಿ ಕೊಂಡಿತು. ಎರಡಕ್ಕೂ ಸಾಲ ಇಲ್ಲ. ಎರಡೂ ವರ್ಷಕ್ಕೆ ಅಷ್ಟೇ ದುಡ್ಡು ತರುತ್ತವೆ. ಹಾಗಾಗಿ ಮಾರುಕಟ್ಟೆ ಎರಡಕ್ಕೂ 200 ಕೋಟಿ ಬೆಲೆ ಕಟ್ಟಿದೆ. ಈಗ ಪಿ/ಬಿ ನೋಡಿ. ಮೊದಲನೆಯದಕ್ಕೆ 6.7, ಎರಡನೆಯದಕ್ಕೆ 0.67. ಪಿ/ಬಿ ಕಡಿಮೆ ಇದ್ದದ್ದೇ ಅಗ್ಗ ಅನ್ನುವ ಸೂತ್ರ ಹಿಡಿದರೆ ಎರಡನೆಯದನ್ನು ಕೊಳ್ಳಬೇಕು. ಆದರೆ ಆ 0.67 ಹೇಳುತ್ತಿರುವುದು ಒಂದೇ ವಿಷಯ: ಆಡಳಿತ ಮಂಡಳಿ ಆ ಗಣಿಗೆ 100 ಕೋಟಿ ಜಾಸ್ತಿ ಕೊಟ್ಟಿದೆ.

ಹಳೆಯ ಖರ್ಚಿನ ಸಮಸ್ಯೆ ಎಲ್ಲ ಕೈಗಾರಿಕೆಗಳಲ್ಲೂ ಇದೆ. ಗಣಿಯಲ್ಲಿ ಅದು ಹಲವು ಪಟ್ಟು ದೊಡ್ಡದು, ಯಾಕಂದರೆ ಅದಿರು ಹುಡುಕುವ ಖರ್ಚಿಗೂ ಸಿಕ್ಕ ಅದಿರಿನ ಬೆಲೆಗೂ ಯಾವ ಸಂಬಂಧವೂ ಇಲ್ಲ. ಚಿಲಿಯ ಎಸ್ಕೊಂಡಿಡಾ ತಾಮ್ರದ ನಿಕ್ಷೇಪ ಪತ್ತೆಯಾದದ್ದು 1981ರಲ್ಲಿ, ಉತ್ಪಾದನೆ ಶುರುವಾದದ್ದು 1990ರಲ್ಲಿ. ಇವತ್ತಿಗೂ ಅದು ಜಗತ್ತಿನ ಅತಿ ದೊಡ್ಡ ತಾಮ್ರದ ಗಣಿ. ಆಮೇಲೆ ಅಲ್ಲಿ ಯಂತ್ರ, ನೀರು, ವಿಸ್ತರಣೆ ಅಂತ ಸಾಕಷ್ಟು ದುಡ್ಡು ಹಾಕಿದ್ದಾರೆ, ಅದೆಲ್ಲ ಪುಸ್ತಕಕ್ಕೆ ಸೇರಿದೆ. ಆದರೆ ಅಂಥ ನಿಕ್ಷೇಪವನ್ನು ಮೊದಲು ಕಂಡುಹಿಡಿದ ಅದೃಷ್ಟದ ಬೆಲೆ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರುವುದಿಲ್ಲ.

ಲೆಕ್ಕದ ನಿಯಮಗಳೂ ಒಂದೊಂದು ಕಡೆ ಒಂದೊಂದು ಥರ. ಐಎಫ್‌ಆರ್‌ಎಸ್ ಎಂಬ ಅಂತರರಾಷ್ಟ್ರೀಯ ಲೆಕ್ಕ ನಿಯಮ ಪಾಲಿಸುವ ಕಂಪನಿಗೆ, ಅದಿರು ಹುಡುಕುವ ಖರ್ಚನ್ನು ಆಸ್ತಿ ಎಂದು ಬರೆಯಬೇಕೋ ಅದೇ ವರ್ಷದ ಖರ್ಚು ಎಂದು ಬರೆಯಬೇಕೋ ಅನ್ನುವುದರಲ್ಲಿ ಸಾಕಷ್ಟು ಸ್ವಾತಂತ್ರ್ಯವಿದೆ. ಅಮೆರಿಕದ ಗ್ಯಾಪ್ ನಿಯಮದಡಿ ಹುಡುಕಾಟದ ಖರ್ಚು ಸಾಮಾನ್ಯವಾಗಿ ಆಗಿಂದಾಗಲೇ ಲಾಭದಿಂದ ಕಳೆದುಹೋಗುತ್ತದೆ. ಒಂದೇ ಕೆಲಸ ಮಾಡಿದ ಎರಡು ಕಂಪನಿಗಳ ಬುಕ್ ವ್ಯಾಲ್ಯೂ ಹೀಗೆ ಬೇರೆಯಾಗುತ್ತದೆ. ಟೊರಾಂಟೊ ಷೇರನ್ನೂ ನ್ಯೂಯಾರ್ಕ್ ಷೇರನ್ನೂ ಪಿ/ಬಿ ಹಿಡಿದು ಅಕ್ಕಪಕ್ಕ ಇಡುವ ಮುನ್ನ, ಈ ಖರ್ಚನ್ನು ಹೇಗೆ ಬರೆದಿದ್ದಾರೆ ಅನ್ನುವ ಟಿಪ್ಪಣಿಯನ್ನು ಕಂಪನಿಯ ವಾರ್ಷಿಕ ವರದಿಯಲ್ಲಿ ಓದಿ.

ಸವಕಳಿಯ ವಿಷಯ ಇನ್ನೂ ಸ್ವಾರಸ್ಯದ್ದು. ಗಣಿಯಲ್ಲಿ ಸವಕಳಿಯನ್ನು ಬಹುಪಾಲು ವರ್ಷದ ಲೆಕ್ಕದಲ್ಲಿ ಅಲ್ಲ, ಟನ್ನಿನ ಲೆಕ್ಕದಲ್ಲಿ ಹಾಕುತ್ತಾರೆ. 100 ಕೋಟಿ ಖರ್ಚಿನ ಗಣಿಯಲ್ಲಿ 5 ಕೋಟಿ ಟನ್ ಅದಿರಿದ್ದರೆ ಟನ್ನಿಗೆ 20 ಸವಕಳಿ. ವರ್ಷಕ್ಕೆ 50 ಲಕ್ಷ ಟನ್ ತೋಡಿದರೆ 10 ಕೋಟಿ. ಈಗ ಲೋಹದ ಬೆಲೆ ಏರಿತು ಅಂದುಕೊಳ್ಳಿ. ಮೊದಲು ಲಾಭವಿಲ್ಲ ಅಂತ ಬಿಟ್ಟಿದ್ದ ಬಡ ಅದಿರು ಈಗ ಲೆಕ್ಕಕ್ಕೆ ಬರುತ್ತದೆ. ಗಣಿಯ ರಿಸರ್ವ್ 8 ಕೋಟಿ ಟನ್ ಅಂತ ಹೊಸ ಅಂದಾಜು ಬರುತ್ತದೆ. ಟನ್ನಿಗೆ ಸವಕಳಿ 12.5ಕ್ಕೆ ಇಳಿಯಿತು, ವರ್ಷಕ್ಕೆ 6.25 ಕೋಟಿ. ಲಾಭ ಏರಿತು, ಬುಕ್ ವ್ಯಾಲ್ಯೂ ಕರಗುವುದು ನಿಧಾನವಾಯಿತು. ರಿಸರ್ವ್ ಅನ್ನುವ ಸಂಖ್ಯೆಯೊಳಗೆ ಒಂದು ಬೆಲೆಯ ಊಹೆ ಯಾವಾಗಲೂ ಅಡಗಿರುತ್ತದೆ. ಆ ಬೆಲೆಗೆ ತೋಡಿದರೆ ಲಾಭ ಬರುವಷ್ಟು ಅದಿರು ಮಾತ್ರ ರಿಸರ್ವ್. ಊಹೆ ಬದಲಾದರೆ ರಿಸರ್ವ್ ಬದಲಾಗುತ್ತದೆ, ಅದರ ಹಿಂದೆ ಪುಸ್ತಕವೂ.

ರೈಟ್ ಡೌನ್ ಎಂಬ ದೊಡ್ಡ ಪಾಠ

ಪಿ/ಬಿ 1ಕ್ಕಿಂತ ಕೆಳಗೆ ಇಳಿದರೆ ಮಾರುಕಟ್ಟೆ ತಪ್ಪು ಮಾಡುತ್ತಿದೆ ಅಂತ ಹಲವರು ಭಾವಿಸುತ್ತಾರೆ. ಲೆಕ್ಕದ ನಿಯಮ ಹಾಗೆ ಭಾವಿಸುವುದಿಲ್ಲ. ಆಸ್ತಿಯ ಮೌಲ್ಯ ಕುಸಿದಿದೆಯೇ ಎಂದು ಯಾವಾಗ ಪರೀಕ್ಷಿಸಬೇಕು ಅಂತ ಹೇಳುವ ಐಎಎಸ್ 36 ಎಂಬ ನಿಯಮವಿದೆ. ಕುಸಿತದ ಗುರುತುಗಳ ಪಟ್ಟಿಯಲ್ಲಿ ಅದು ಇದನ್ನೂ ಸೇರಿಸಿದೆ: ಕಂಪನಿಯ ನಿವ್ವಳ ಆಸ್ತಿಯ ಪುಸ್ತಕದ ಮೌಲ್ಯ ಅದರ ಮಾರುಕಟ್ಟೆ ಮೌಲ್ಯಕ್ಕಿಂತ ಹೆಚ್ಚಿರುವುದು. ಅಂದರೆ ಪಿ/ಬಿ 1ಕ್ಕಿಂತ ಕಡಿಮೆ ಇದೆ ಅನ್ನುವುದೇ ‘ನಿಮ್ಮ ಪುಸ್ತಕ ಸರಿ ಇದೆಯಾ ನೋಡಿಕೊಳ್ಳಿ’ ಅನ್ನುವ ಗಂಟೆ. ಕಡಿಮೆ ಪಿ/ಬಿ ಕಂಡು ನೀವು ಖುಷಿಪಡುತ್ತಿರುವ ಹೊತ್ತಿಗೆ, ಅದೇ ಕಾರಣಕ್ಕೆ ಕಂಪನಿಯ ಲೆಕ್ಕಿಗರು ಆ ಬುಕ್ ವ್ಯಾಲ್ಯೂವನ್ನು ಕತ್ತರಿಸಬೇಕೋ ಬೇಡವೋ ಅಂತ ಕೂತು ಲೆಕ್ಕ ಹಾಕುತ್ತಿರುತ್ತಾರೆ. ಆ ಕತ್ತರಿಗೇ ರೈಟ್ ಡೌನ್ ಅಥವಾ ಇಂಪೇರ್‌ಮೆಂಟ್ ಅನ್ನುತ್ತಾರೆ.

ಇದು ಎಷ್ಟು ದೊಡ್ಡದಾಗಬಹುದು ಎಂದು ತಿಳಿಯಲು 2010ರಿಂದ 2015ರವರೆಗಿನ ವರ್ಷಗಳನ್ನು ನೋಡಬೇಕು. ಚಿನ್ನದ ಬೆಲೆ 2011ರ ಸೆಪ್ಟೆಂಬರ್‌ನಲ್ಲಿ ಔನ್ಸಿಗೆ 1,900 ಡಾಲರ್ ದಾಟಿತ್ತು. ಕಂಪನಿಗಳು ಪೈಪೋಟಿಯ ಮೇಲೆ ಗಣಿ ಕೊಂಡವು. ಕಿನ್‌ರಾಸ್ ಕಂಪನಿ 2010ರಲ್ಲಿ ರೆಡ್ ಬ್ಯಾಕ್ ಮೈನಿಂಗ್ ಅನ್ನು ಸುಮಾರು 710 ಕೋಟಿ ಡಾಲರ್‌ಗೆ ಕೊಂಡಿತು. ಮುಖ್ಯ ಆಕರ್ಷಣೆ ಮಾರಿಟೇನಿಯಾದ ಟಾಸಿಯಾಸ್ಟ್ ಗಣಿ. 2011 ಮತ್ತು 2012ರ ಲೆಕ್ಕಗಳಲ್ಲೇ ಆ ಒಂದು ಗಣಿಯ ಮೇಲೆ 500 ಕೋಟಿ ಡಾಲರ್‌ಗೂ ಹೆಚ್ಚು ರೈಟ್ ಡೌನ್ ಆಯಿತು. ಬ್ಯಾರಿಕ್ ಗೋಲ್ಡ್ 2011ರಲ್ಲಿ ಈಕ್ವಿನಾಕ್ಸ್ ಕಂಪನಿಯನ್ನು ಕೊಂಡು ಜಾಂಬಿಯಾದ ಲುಮ್ವಾನಾ ತಾಮ್ರದ ಗಣಿ ಪಡೆಯಿತು. ಮರುವರ್ಷವೇ ಅದರ ಮೇಲೆ ಭಾರಿ ಕಡಿತ ಬರೆಯಿತು. 2013ರಲ್ಲಿ ಚಿನ್ನ ಸುಮಾರು ಶೇ. 28 ಕುಸಿದಾಗ, ಒಂದೇ ತ್ರೈಮಾಸಿಕದಲ್ಲಿ ಬ್ಯಾರಿಕ್ ಸುಮಾರು 870 ಕೋಟಿ ಡಾಲರ್ ಅಳಿಸಿಹಾಕಿತು. ಅದರಲ್ಲಿ 510 ಕೋಟಿ, ಚಿಲಿ ಮತ್ತು ಅರ್ಜೆಂಟೀನಾ ಗಡಿಯ ಆಂಡಿಸ್ ಪರ್ವತದಲ್ಲಿ ಕಟ್ಟುತ್ತಿದ್ದ ಪಾಸ್ಕುವಾ-ಲಾಮಾ ಎಂಬ ಒಂದೇ ಯೋಜನೆಯದ್ದು. ಆ ಗಣಿಯಿಂದ ವ್ಯಾಪಾರಕ್ಕೆ ಚಿನ್ನ ಬರಲೇ ಇಲ್ಲ.

ಕಲ್ಲಿದ್ದಲಿನಲ್ಲಿ ಇನ್ನೂ ಕಣ್ಣು ಕುಕ್ಕುವ ಉದಾಹರಣೆ ಇದೆ. ರಿಯೊ ಟಿಂಟೊ 2011ರಲ್ಲಿ ಮೊಜಾಂಬಿಕ್‌ನ ಕಲ್ಲಿದ್ದಲಿಗಾಗಿ ರಿವರ್ಸ್‌ಡೇಲ್ ಕಂಪನಿಗೆ 400 ಕೋಟಿ ಡಾಲರ್‌ನ ಹತ್ತಿರ ಹತ್ತಿರ ಕೊಟ್ಟಿತು. ಕಲ್ಲಿದ್ದಲನ್ನು ಜಾಂಬೆಜಿ ನದಿಯಲ್ಲಿ ದೋಣಿಗಳ ಮೂಲಕ ಸಾಗಿಸುವ ಯೋಜನೆಗೆ ಒಪ್ಪಿಗೆ ಸಿಗಲಿಲ್ಲ. 2013ರ ಜನವರಿಯಲ್ಲಿ ಕಂಪನಿ ಒಟ್ಟು ಸುಮಾರು 1,400 ಕೋಟಿ ಡಾಲರ್ ರೈಟ್ ಡೌನ್ ಪ್ರಕಟಿಸಿತು. ಅದರ ದೊಡ್ಡ ಪಾಲು 2007ರಲ್ಲಿ ಕೊಂಡ ಆಲ್ಕನ್‌ನ ಅಲ್ಯೂಮಿನಿಯಂ ವ್ಯಾಪಾರದ್ದು, ಸುಮಾರು 300 ಕೋಟಿ ಮೊಜಾಂಬಿಕ್‌ನದ್ದು. ಮುಖ್ಯಸ್ಥ ಟಾಮ್ ಆಲ್ಬನೀಸ್ ಹುದ್ದೆ ಬಿಟ್ಟರು. 2014ರಲ್ಲಿ ಆ ಕಲ್ಲಿದ್ದಲು ಆಸ್ತಿ 5 ಕೋಟಿ ಡಾಲರ್‌ಗೆ ಮಾರಾಟವಾಯಿತು. ನೆಲದಡಿಯ ಕಲ್ಲಿದ್ದಲು ಎಲ್ಲೂ ಹೋಗಿರಲಿಲ್ಲ. ಬಂದರಿಗೆ ಸಾಗಿಸುವ ದಾರಿಯೇ ಇಲ್ಲದಿದ್ದರೆ ಪುಸ್ತಕದ ಮೌಲ್ಯಕ್ಕೆ ಏನು ಅರ್ಥ?

ಈಗ ಪಿ/ಬಿಗೆ ಬರೋಣ. ರೈಟ್ ಡೌನ್ ಆದ ಮೇಲೆ ಈ ಅನುಪಾತ ತಲೆಕೆಳಗಾಗುತ್ತದೆ. ಒಂದು ಗಣಿಯ ಬುಕ್ ವ್ಯಾಲ್ಯೂ 100 ಕೋಟಿ, ಮಾರುಕಟ್ಟೆ ಬೆಲೆ 60 ಕೋಟಿ. ಪಿ/ಬಿ 0.6. ಗಣಿ ವರ್ಷಕ್ಕೆ ಖರ್ಚು ಕಳೆದು 14 ಕೋಟಿ ನಗದು ತರುತ್ತದೆ. ಸವಕಳಿ 10 ಕೋಟಿ. ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಲಾಭ 4 ಕೋಟಿ, ಅಂದರೆ ಈಕ್ವಿಟಿಯ ಮೇಲೆ ಶೇ. 4. ಕಂಪನಿ 50 ಕೋಟಿ ರೈಟ್ ಡೌನ್ ಮಾಡಿತು. ಬುಕ್ ವ್ಯಾಲ್ಯೂ 50ಕ್ಕೆ ಇಳಿಯಿತು. ಕಳೆಯಬೇಕಾದ ಆಸ್ತಿ ಅರ್ಧವಾದ್ದರಿಂದ ಸವಕಳಿಯೂ 5 ಕೋಟಿಯಾಯಿತು. ನಗದು ಮೊದಲಿನಂತೆ 14 ಕೋಟಿ. ಲಾಭ ಈಗ 9 ಕೋಟಿ. ಈಕ್ವಿಟಿಯ ಮೇಲಿನ ಗಳಿಕೆ ಶೇ. 4ರಿಂದ ಶೇ. 18ಕ್ಕೆ ಹಾರಿತು! ಷೇರು ಬೆಲೆ ಸ್ವಲ್ಪ ಇಳಿದು 55ಕ್ಕೆ ಬಂದಿದ್ದರೆ ಪಿ/ಬಿ 1.1. ಒಂದು ಟನ್ ಅದಿರು ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಷೇರು ಮೊದಲಿಗಿಂತ ಅಗ್ಗವಾಗಿದೆ. ಆದರೆ ಪಿ/ಬಿ ನೋಡಿದರೆ ದುಬಾರಿಯಾದಂತೆ, ಗಳಿಕೆ ನೋಡಿದರೆ ಆಡಳಿತ ದಿಢೀರನೆ ಜಾಣವಾದಂತೆ ಕಾಣುತ್ತದೆ.

ಇದಕ್ಕೆ ನಾನು ನಂಬುವ ಮದ್ದು ಒಂದೇ. ಕಳೆದ ಹತ್ತು ವರ್ಷಗಳ ರೈಟ್ ಡೌನ್‌ಗಳನ್ನೆಲ್ಲ ಕೂಡಿಸಿ, ಇವತ್ತಿನ ಬುಕ್ ವ್ಯಾಲ್ಯೂಗೆ ವಾಪಸ್ ಸೇರಿಸಿ, ಆ ದೊಡ್ಡ ಮೊತ್ತದ ಮೇಲೆ ಕಂಪನಿ ಎಷ್ಟು ಗಳಿಸುತ್ತಿದೆ ನೋಡಿ. ಲೆಕ್ಕಿಗರ ದೃಷ್ಟಿಯಲ್ಲಿ ಇದು ಒರಟು ವಿಧಾನ. ಮಧ್ಯದ ಸವಕಳಿಯನ್ನು ಇದು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆದರೂ ಷೇರುದಾರರ ದುಡ್ಡನ್ನು ಆಡಳಿತ ಹೇಗೆ ಬಳಸಿದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ಇಲ್ಲೂ ನಿಯಮಗಳ ವ್ಯತ್ಯಾಸ ಇದೆ. ಐಎಫ್‌ಆರ್‌ಎಸ್‌ನಲ್ಲಿ ಪರಿಸ್ಥಿತಿ ಸುಧಾರಿಸಿದರೆ ಗಣಿಯ ರೈಟ್ ಡೌನ್ ಅನ್ನು ವಾಪಸ್ ಬರೆಯಬಹುದು, ಗುಡ್‌ವಿಲ್‌ನದ್ದನ್ನು (ಕಂಪನಿ ಕೊಳ್ಳುವಾಗ ಅದರ ಆಸ್ತಿಯ ಮೌಲ್ಯಕ್ಕಿಂತ ಜಾಸ್ತಿ ಕೊಟ್ಟ ಮೊತ್ತ) ಮಾತ್ರ ಬರೆಯುವಂತಿಲ್ಲ. ಲುಮ್ವಾನಾದ ಕಡಿತದ ಒಂದು ಪಾಲನ್ನು ಬ್ಯಾರಿಕ್ ಹೀಗೇ ಮುಂದೆ ವಾಪಸ್ ಬರೆಯಿತು. ಅಮೆರಿಕದ ಗ್ಯಾಪ್‌ನಲ್ಲಿ ಬಳಕೆಯಲ್ಲಿರುವ ಗಣಿಗೆ ವಾಪಸಾತಿ ಇಲ್ಲ. ಜೊತೆಗೆ ಅಲ್ಲಿನ ಮೊದಲ ಪರೀಕ್ಷೆಯಲ್ಲಿ ಮುಂದೆ ಬರುವ ನಗದನ್ನು ಬಡ್ಡಿ ಕಳೆಯದೆ ಹಾಗೇ ಕೂಡಿಸುತ್ತಾರೆ. ಇಪ್ಪತ್ತು ವರ್ಷ ಬಿಟ್ಟು ಬರುವ ಒಂದು ಡಾಲರ್ ಕೂಡ ಇವತ್ತಿನ ಒಂದು ಡಾಲರ್‌ಗೆ ಸಮ ಅಂತ ಎಣಿಸಿದರೆ ಬಹಳಷ್ಟು ಗಣಿಗಳು ಪಾಸಾಗುತ್ತವೆ. ಹಾಗಾಗಿ ಅಲ್ಲಿ ಕಡಿತ ತಡವಾಗಿ ಬರುತ್ತದೆ, ಬಂದಾಗ ದೊಡ್ಡದಾಗಿ ಬರುತ್ತದೆ.

ಸಾಲ ಇದ್ದರೆ

ಆಸ್ತಿ 1,000 ಕೋಟಿ, ಸಾಲ 600 ಕೋಟಿ, ಈಕ್ವಿಟಿ 400 ಕೋಟಿ. ಆಸ್ತಿಯ ಮೌಲ್ಯ ಶೇ. 20 ಕುಸಿದರೆ 200 ಕೋಟಿ ಹೋಯಿತು. ಸಾಲ ಒಂದು ಪೈಸೆಯೂ ಇಳಿಯುವುದಿಲ್ಲ. ಈಕ್ವಿಟಿ ಅರ್ಧವಾಯಿತು. ಇದೇ ಕಂಪನಿಗೆ ಸಾಲ ಇಲ್ಲದಿದ್ದರೆ ಈಕ್ವಿಟಿ ಇಳಿಯುತ್ತಿದ್ದದ್ದು ಶೇ. 20 ಮಾತ್ರ. ಪಿ/ಬಿ 0.5 ಇರುವ ಸಾಲದ ಕಂಪನಿ ಮತ್ತು 0.5 ಇರುವ ಸಾಲವಿಲ್ಲದ ಕಂಪನಿ ಒಂದೇ ಥರದ ಅಗ್ಗ ಅಲ್ಲವೇ ಅಲ್ಲ.

ಇದಕ್ಕಿಂತ ಕೆಟ್ಟದ್ದು ಕಂಪನಿ ಕಷ್ಟಕಾಲದಲ್ಲಿ ಹೊಸ ಷೇರು ಮಾರಬೇಕಾಗಿ ಬರುವುದು. ಮೊದಲಿನ ಉದಾಹರಣೆಯ ಕಂಪನಿಯನ್ನೇ ತೆಗೆದುಕೊಳ್ಳಿ: 300 ಕೋಟಿ ಈಕ್ವಿಟಿ, 10 ಕೋಟಿ ಷೇರು, ಒಂದಕ್ಕೆ 30. ಷೇರು ಬೆಲೆ 9ಕ್ಕೆ ಬಿದ್ದಿದೆ, ಪಿ/ಬಿ 0.3. ಸಾಲ ಕಟ್ಟಲು ಕಂಪನಿ ಇನ್ನೂ 10 ಕೋಟಿ ಷೇರುಗಳನ್ನು 9ಕ್ಕೆ ಮಾರಿತು. ಬಂದದ್ದು 90 ಕೋಟಿ. ಈಕ್ವಿಟಿ 390 ಕೋಟಿ, ಷೇರು 20 ಕೋಟಿ, ಒಂದಕ್ಕೆ 19.5. ಗಣಿಗೆ ಏನೂ ಆಗಿಲ್ಲ, ರೈಟ್ ಡೌನ್ ಆಗಿಲ್ಲ, ಆದರೂ ನಿಮ್ಮ ಷೇರಿನ ಹಿಂದಿದ್ದ ಬುಕ್ ವ್ಯಾಲ್ಯೂ ಶೇ. 35 ಮಾಯ. 2015ರ ಸೆಪ್ಟೆಂಬರ್‌ನಲ್ಲಿ ಗ್ಲೆನ್‌ಕೋರ್ ಸಾಲ ಇಳಿಸಲು 250 ಕೋಟಿ ಡಾಲರ್‌ನ ಹೊಸ ಷೇರು ಮಾರಿತು, ಡಿವಿಡೆಂಡ್ ನಿಲ್ಲಿಸಿತು. ಅದೇ ತಿಂಗಳ 28ರಂದು ಒಂದೇ ದಿನ ಷೇರು ಶೇ. 29 ಕುಸಿಯಿತು.

ಆದರೆ ಚಕ್ರ ತಿರುಗಿದಾಗ ಏನಾಗುತ್ತದೆ ಅನ್ನುವುದಕ್ಕೂ ಅದೇ ಕಾಲ ಸಾಕ್ಷಿ. 2015ರ ಡಿಸೆಂಬರ್‌ನಲ್ಲಿ ಕಬ್ಬಿಣದ ಅದಿರು ಟನ್ನಿಗೆ 40 ಡಾಲರ್‌ಗಿಂತ ಕೆಳಗೆ ಇಳಿದಿತ್ತು, ಚಿನ್ನ 1,050ರ ಆಸುಪಾಸಿನಲ್ಲಿತ್ತು. ಆಂಗ್ಲೊ ಅಮೆರಿಕನ್ ಡಿವಿಡೆಂಡ್ ನಿಲ್ಲಿಸಿತ್ತು. ಅದರ ಷೇರು ಬುಕ್ ವ್ಯಾಲ್ಯೂಗಿಂತ ಬಹಳ ಕೆಳಗೆ ವ್ಯಾಪಾರವಾಗುತ್ತಿತ್ತು. 2016ರಲ್ಲಿ ಲೋಹಗಳು ಚೇತರಿಸಿಕೊಂಡವು. ಆ ವರ್ಷ ಲಂಡನ್ನಿನ ಎಫ್‌ಟಿಎಸ್‌ಇ 100 ಪಟ್ಟಿಯಲ್ಲಿ ಅತಿ ಹೆಚ್ಚು ಏರಿದ್ದು ಆಂಗ್ಲೊ ಅಮೆರಿಕನ್. ಅಂದರೆ ಕಡಿಮೆ ಪಿ/ಬಿ ಕೆಲವು ಸಲ ನಿಜವಾಗಿ ದೊಡ್ಡ ಅವಕಾಶವೇ. ಆದರೆ ಅವಕಾಶ ಬರುವ ತನಕ ಕಂಪನಿ ಬದುಕಿರಬೇಕು. ಮುಂದಿನ ಎರಡು ಮೂರು ವರ್ಷಗಳಲ್ಲಿ ತೀರಿಸಬೇಕಾದ ಸಾಲ ಎಷ್ಟು, ಕೈಯಲ್ಲಿರುವ ನಗದು ಎಷ್ಟು, ಇವತ್ತಿನ ಕೆಟ್ಟ ಬೆಲೆಯಲ್ಲೂ ಗಣಿ ನಗದು ತರುತ್ತಿದೆಯಾ — ಪಿ/ಬಿಗಿಂತ ಮೊದಲು ಇವನ್ನು ನೋಡಬೇಕು. ಚಿನ್ನದ ಕಂಪನಿಗಳು ಔನ್ಸಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ ಎಂದು ಎಐಎಸ್‌ಸಿ ಹೆಸರಿನಲ್ಲಿ ಪ್ರಕಟಿಸುತ್ತವೆ. ವರ್ಲ್ಡ್ ಗೋಲ್ಡ್ ಕೌನ್ಸಿಲ್ 2013ರಲ್ಲಿ ತಂದ ಅಳತೆ ಅದು. ಕೊನೆಯ ಪ್ರಶ್ನೆಗೆ ಅಲ್ಲಿ ಉತ್ತರ ಬಹುಪಾಲು ಸಿಗುತ್ತದೆ.

ಪುಸ್ತಕ ನೋಡದ ಸಂಗತಿಗಳು

ಗಣಿಯನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ. ಕಾರ್ಖಾನೆ ಯಂತ್ರವನ್ನಾದರೂ ಬೇರೆ ದೇಶಕ್ಕೆ ಸಾಗಿಸಬಹುದು. ಅದಿರು ಎಲ್ಲಿದೆಯೋ ಅಲ್ಲಿನ ಸರ್ಕಾರ, ಅಲ್ಲಿನ ಕೋರ್ಟು, ಅಲ್ಲಿನ ಜನ, ಅಲ್ಲಿನ ನೀರು ಎಲ್ಲವೂ ಆ ಆಸ್ತಿಯ ಭಾಗ. ಪನಾಮಾದ ಕೋಬ್ರೆ ಪನಾಮಾ ಗಣಿಗೆ ಫಸ್ಟ್ ಕ್ವಾಂಟಮ್ ಕಂಪನಿ ಸುಮಾರು 1,000 ಕೋಟಿ ಡಾಲರ್ ಹಾಕಿತ್ತು. 2019ರಲ್ಲಿ ಉತ್ಪಾದನೆ ಶುರುವಾಗಿ, ಜಗತ್ತಿನ ತಾಮ್ರದಲ್ಲಿ ಶೇ. 1ಕ್ಕೂ ಹೆಚ್ಚು ಅಲ್ಲಿಂದ ಬರುತ್ತಿತ್ತು. 2023ರಲ್ಲಿ ಜನ ಬೀದಿಗಿಳಿದರು. ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗಣಿ ಒಪ್ಪಂದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಗಣಿ ನಿಂತಿತು. ಕೆಲವೇ ವಾರಗಳಲ್ಲಿ ಷೇರು ಅರ್ಧಕ್ಕಿಂತ ಕೆಳಗೆ ಬಿತ್ತು. ಕಂಪನಿ ಆ ಗಣಿಯ ಗುಡ್‌ವಿಲ್ ಅಳಿಸಿತು, ಆದರೆ ಗಣಿಯ ಬಹುಭಾಗ ಮೌಲ್ಯ ಪುಸ್ತಕದಲ್ಲಿ ಉಳಿಯಿತು. ಆಗ ಕಂಡ ಕಡಿಮೆ ಪಿ/ಬಿಯ ಹಿಂದೆ ಇದ್ದದ್ದು ಒಂದೇ ಪ್ರಶ್ನೆ: ಗಣಿ ಮತ್ತೆ ತೆರೆಯುತ್ತದೆಯೋ ಇಲ್ಲವೋ? ಅದಕ್ಕೆ ಬ್ಯಾಲೆನ್ಸ್ ಶೀಟಿನಲ್ಲಿ ಉತ್ತರ ಇಲ್ಲ.

ಹೊಣೆಗಳ ಕಡೆಯೂ ಇಷ್ಟೇ. ಗಣಿ ಮುಚ್ಚಿದ ಮೇಲೆ ನೆಲವನ್ನು ಸರಿಪಡಿಸುವ ಖರ್ಚನ್ನು ಈಗಲೇ ಅಂದಾಜಿಸಿ ಬರೆಯಬೇಕು, ಆದರೆ ಇಂದಿನ ಮೌಲ್ಯಕ್ಕೆ ಇಳಿಸಿ. 30 ವರ್ಷ ಬಿಟ್ಟು ಬರುವ 100 ಕೋಟಿ ಖರ್ಚು, ಶೇ. 2ರ ದರದಲ್ಲಿ ಇವತ್ತು 55 ಕೋಟಿ ಹೊಣೆ. ಶೇ. 5ರಲ್ಲಿ ಬರೀ 23 ಕೋಟಿ. ಹಳೆಯ ಗಣಿಗಳು ಜಾಸ್ತಿ ಇರುವ ಕಂಪನಿಯಲ್ಲಿ ಯಾವ ದರ ಬಳಸಿದ್ದಾರೆ ಅಂತ ನೋಡಲೇಬೇಕು. ಇನ್ನು ಕೆಲವು ಹೊಣೆಗಳು ಘಟನೆ ನಡೆಯುವ ತನಕ ಪುಸ್ತಕದಲ್ಲಿ ಇರುವುದೇ ಇಲ್ಲ. ಬ್ರೆಜಿಲ್‌ನಲ್ಲಿ 2015ರ ನವೆಂಬರ್‌ನಲ್ಲಿ ಸಮಾರ್ಕೊ ಗಣಿಯ ತ್ಯಾಜ್ಯದ ಕಟ್ಟೆ ಒಡೆದು 19 ಜನ ಸತ್ತರು. 2019ರ ಜನವರಿಯಲ್ಲಿ ಬ್ರುಮಾಡಿನ್ಯೊದಲ್ಲಿ ವಾಲೆ ಕಂಪನಿಯ ಕಟ್ಟೆ ಒಡೆದು 270 ಜನ ಪ್ರಾಣ ಕಳೆದುಕೊಂಡರು. ಆ ಜೀವಗಳಿಗೆ ಯಾವ ಲೆಕ್ಕವೂ ಸಾಟಿಯಲ್ಲ. ಹೂಡಿಕೆ ಮಾಡುವವರು ಕಟ್ಟೆಗಳ ಸುರಕ್ಷತೆಯ ವರದಿಯನ್ನು ಕೇಳಿ ಓದಬೇಕು ಅನ್ನುವುದಕ್ಕೆ ಇದೇ ಮೊದಲ ಕಾರಣ, ದುಡ್ಡು ಆಮೇಲಿನದು.

ಎಲ್ಲ ಗಣಿ ಕಂಪನಿಗಳಿಗೂ ಪಿ/ಬಿ ಹಚ್ಚಬೇಡಿ. ಇನ್ನೂ ಅದಿರು ಹುಡುಕುತ್ತಿರುವ ಸಣ್ಣ ಕಂಪನಿಯ ಪುಸ್ತಕದಲ್ಲಿ ಬ್ಯಾಂಕಿನ ನಗದು ಮತ್ತು ಕೊರೆತದ ಖರ್ಚು ಬಿಟ್ಟರೆ ಏನೂ ಇರುವುದಿಲ್ಲ. ಅಲ್ಲಿ ಭೂವಿಜ್ಞಾನಿಗಳ ವರದಿಯೇ ಮುಖ್ಯ. ಅದನ್ನೂ ಸುಮ್ನೆ ನಂಬುವಂತಿಲ್ಲ. ಕೆನಡಾದ ಬ್ರೆ-ಎಕ್ಸ್ ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಅಪಾರ ಚಿನ್ನವಿದೆ ಎಂದು ಹೇಳಿಕೊಂಡಿತ್ತು. 1997ರಲ್ಲಿ ಅದು ಮೋಸ ಎಂದು ಬಯಲಾಯಿತು, ಅಗೆದ ಮಾದರಿಗಳಿಗೆ ಚಿನ್ನ ಬೆರೆಸಿದ್ದರು. ಕೆನಡಾ 2001ರಲ್ಲಿ ಎನ್‌ಐ 43-101 ಎಂಬ ಕಟ್ಟುನಿಟ್ಟಿನ ವರದಿ ನಿಯಮ ತಂದದ್ದು ಅದರ ನಂತರ. ಇನ್ನೊಂದು ತುದಿಯಲ್ಲಿ ಫ್ರಾಂಕೊ-ನೆವಾಡಾ ಥರದ ರಾಯಲ್ಟಿ ಕಂಪನಿಗಳಿವೆ. ಅವು ಗಣಿ ತೋಡುವುದಿಲ್ಲ, ಬೇರೆಯವರ ಗಣಿಗೆ ದುಡ್ಡು ಕೊಟ್ಟು ಉತ್ಪಾದನೆಯಲ್ಲಿ ಪಾಲು ಪಡೆಯುತ್ತವೆ. ಅವುಗಳ ಪಿ/ಬಿ ಗಣಿ ನಡೆಸುವವರಿಗಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಎರಡನ್ನೂ ಹೋಲಿಸುವುದರಲ್ಲಿ ಅರ್ಥವಿಲ್ಲ. ಹಾಗಂತ ಅವು ಅಪಾಯದಿಂದ ಹೊರಗೂ ಇಲ್ಲ. ಕೋಬ್ರೆ ಪನಾಮಾ ನಿಂತಾಗ ಫ್ರಾಂಕೊ-ನೆವಾಡಾ ಕೂಡ 100 ಕೋಟಿ ಡಾಲರ್‌ಗೂ ಹೆಚ್ಚು ರೈಟ್ ಡೌನ್ ಮಾಡಿತು.

ಹಾಗಾದರೆ ಎಷ್ಟು ಪಿ/ಬಿ ಸರಿ?

ಕಂಪನಿ ತನ್ನ ಈಕ್ವಿಟಿಯ ಮೇಲೆ ಎಷ್ಟು ಗಳಿಸುತ್ತದೆ, ಅಷ್ಟು ಅಪಾಯಕ್ಕೆ ನೀವು ಎಷ್ಟು ಗಳಿಕೆ ಕೇಳುತ್ತೀರಿ — ಸರಿಯಾದ ಪಿ/ಬಿ ಈ ಎರಡರ ಮೇಲೆ ನಿಂತಿದೆ. ಬೆಳವಣಿಗೆಯನ್ನು ಪಕ್ಕಕ್ಕಿಟ್ಟರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಕು. ಏರಿಳಿತದ ಎಲ್ಲ ವರ್ಷಗಳನ್ನೂ ಸೇರಿಸಿ ಸರಾಸರಿ ಶೇ. 6 ಗಳಿಸುವ ಕಂಪನಿಯಿಂದ ನೀವು ಶೇ. 12 ಬಯಸಿದರೆ ಸರಿಯಾದ ಪಿ/ಬಿ 0.5. ಅದು 0.6ಕ್ಕೆ ಸಿಗುತ್ತಿದ್ದರೆ ಅಗ್ಗವಲ್ಲ, ದುಬಾರಿ. ಶೇ. 18 ಗಳಿಸುವ ಕಂಪನಿ 1.2ಕ್ಕೆ ಸಿಕ್ಕರೆ ಅಗ್ಗ. ಇಲ್ಲಿ ಬಳಸುವ ಸರಾಸರಿ ಒಂದು ಪೂರ್ತಿ ಚಕ್ರದ್ದಾಗಿರಬೇಕು, ಹತ್ತು ವರ್ಷವಾದರೂ ಬೇಕು. ರೈಟ್ ಡೌನ್ ವಾಪಸ್ ಸೇರಿಸಿದ ಲೆಕ್ಕವೇ ಆಗಿರಬೇಕು. ಗಣಿಗೆ ಆಯಸ್ಸಿದೆ ಅನ್ನುವುದನ್ನೂ ಮರೆಯಬಾರದು. ಎಂಟು ವರ್ಷದ ಅದಿರು ಉಳಿದಿರುವ ಗಣಿಯ ಗಳಿಕೆಯನ್ನು ಎಂದೆಂದಿಗೂ ಬರುವಂಥದ್ದು ಎಂದು ಎಣಿಸಿದರೆ ಈ ಸೂತ್ರವೇ ಮೋಸ ಮಾಡುತ್ತದೆ.

ಅದಕ್ಕೇ ಗಣಿ ಷೇರು ನೋಡುವವರು ಪಿ/ಬಿ ಜೊತೆಗೆ ಪಿ/ಎನ್‌ಎವಿ ಇಟ್ಟುಕೊಳ್ಳುತ್ತಾರೆ. ಒಂದೊಂದು ಗಣಿಯಿಂದ ಮುಗಿಯುವ ತನಕ ಬರುವ ನಗದನ್ನು ವರ್ಷವಾರು ಅಂದಾಜಿಸಿ, ಇಂದಿನ ಮೌಲ್ಯಕ್ಕೆ ಇಳಿಸಿ, ಸಾಲ ಕಳೆದರೆ ಬರುವುದು ಎನ್‌ಎವಿ. ಕಂಪನಿಯ ಮಾರುಕಟ್ಟೆ ಬೆಲೆಯನ್ನು ಅದರಿಂದ ಭಾಗಿಸಿದರೆ ಪಿ/ಎನ್‌ಎವಿ. ಪಿ/ಬಿ ಹಿಂದಕ್ಕೆ ನೋಡುತ್ತದೆ, ಇದು ಮುಂದಕ್ಕೆ. ಪಿ/ಬಿ 0.6, ಲೋಹದ ಬೆಲೆಯನ್ನು ಎಚ್ಚರಿಕೆಯಿಂದ ಕಡಿಮೆಯೇ ಹಿಡಿದು ಮಾಡಿದ ಪಿ/ಎನ್‌ಎವಿ ಕೂಡ 0.6 ಇದ್ದರೆ ಆಗ ಕೂತು ಓದುವುದು ಸಾರ್ಥಕ. ಪಿ/ಬಿ 0.6 ಇದ್ದು ಪಿ/ಎನ್‌ಎವಿ 1 ಇದ್ದರೆ ಅದು ಬಹುಪಾಲು ಇನ್ನೂ ಬರೆಯದ ರೈಟ್ ಡೌನ್.

ಎನ್‌ಎವಿ ಮಾಡುವಷ್ಟು ಸಮಯ ಇಲ್ಲದವರು ವಾರ್ಷಿಕ ವರದಿಯಲ್ಲಿ ಇಂಪೇರ್‌ಮೆಂಟ್ ಟಿಪ್ಪಣಿಯನ್ನಾದರೂ ತೆರೆಯಬೇಕು. ಪರೀಕ್ಷೆ ಮಾಡುವಾಗ ಯಾವ ಲೋಹದ ಬೆಲೆ, ಯಾವ ಬಡ್ಡಿ ದರ ಹಿಡಿದಿದ್ದಾರೆ ಎಂದು ಅಲ್ಲಿ ಇರುತ್ತದೆ. ಬೆಲೆ ಶೇ. 10 ಇಳಿದರೆ ಎಷ್ಟು ಕಡಿತ ಮಾಡಬೇಕಾಗುತ್ತದೆ ಅನ್ನುವುದನ್ನೂ ಹಲವು ಕಂಪನಿಗಳು ಬರೆಯುತ್ತವೆ. ಇವತ್ತಿನ ಮಾರುಕಟ್ಟೆ ಬೆಲೆ ಅವರು ಹಿಡಿದ ಬೆಲೆಗಿಂತ ಶೇ. 10 ಕಡಿಮೆ ಇದೆ, ಆ ಇಳಿಕೆಗೆ ಕಡಿತ 120 ಕೋಟಿ ಎಂದು ಬರೆದಿದೆ ಅಂದುಕೊಳ್ಳಿ. ಈಕ್ವಿಟಿ 300 ಕೋಟಿ ಇರುವ ನಮ್ಮ ಮೊದಲ ಕಂಪನಿಯಲ್ಲಿ ಆ 120 ಕೋಟಿಯನ್ನು ನೀವೇ ಕಳೆದುಬಿಡಿ. ಉಳಿದದ್ದು 180 ಕೋಟಿ, ಷೇರಿಗೆ 18. ಷೇರಿನ ಬೆಲೆಯೂ 18.